ಕೊಳವೆ ಕಳಚಿದವರು

"ನಾನು ಕೊಯ್ದಿಲ್ಲ ಅತ್ತೆ! ನಾನೇ ನೆಟ್ಟ ಸಸಿ, ನಾನ್ಯಾಕೆ ಕೊಯ್ಲಿ? ಇವತ್ತೇ ಕೆಲಸ ಬಿಡು ಅಂತಿದಾರೆ ಮೇಲ್ವಿಚಾರಕರು."

ಬಾಗಿಲಲ್ಲಿ ನಿಂತು ಅಂಗಲಾಚಿದವನು ಕಳೆ ತೆಗೆಯುವ ಆಳು. ಕುಡುಗೋಲನ್ನು ಎಂದೂ ಕೈಬಿಡದವನಾದ್ದರಿಂದ ಅವನ ಹೆಸರೇ ಕುಡುಗೋಲು ಎಂದಾಗಿತ್ತು. ನರ್ಸರಿಯಲ್ಲಿ ಏನು ತೊಡಕಾದರೂ ಜನ ಬರುತ್ತಿದ್ದುದು, ಬೀಜದ ಕೋಣೆಯಲ್ಲೇ ವಾಸವಾಗಿದ್ದ ನನ್ನ ಸೋದರತ್ತೆಯ ಬಳಿಗೆ. ಅವಳು ಎಲ್ಲರಿಗೂ ಅತ್ತೆಯೇ.

ನದಿಯ ನೆರೆ ಬಯಲಿಗೆ ಹಕ್ಕಿ, ಪ್ರಾಣಿಗಳು ಮರಳಲೆಂದು ನಾವು ಆ ನೆಲದ್ದೇ ಜಾತಿಯ ಸಸಿಗಳನ್ನು ನೆಟ್ಟು, ಮೇಯುವ ಬಾಯಿ ತಾಗದಂತೆ ಒಂದೊಂದಕ್ಕೂ ಎದೆಯೆತ್ತರದ ಪ್ಲಾಸ್ಟಿಕ್ ಕೊಳವೆ ತೊಡಿಸಿದ್ದೆವು. ಈಗ ಕೊಳವೆಗಳೆಲ್ಲ ಹುಲ್ಲಿನಲ್ಲಿ ಬಿದ್ದಿದ್ದವು. ಸಸಿಗಳ ಕಾಂಡ ಚಾಕುವಿನಲ್ಲಿ ಕೊಯ್ದಂತೆ ಓರೆಯಾಗಿ, ನುಣ್ಣಗೆ ತುಂಡಾಗಿತ್ತು. ಒಂದೂ ಉಳಿದಿರಲಿಲ್ಲ.

ಅತ್ತೆ ಕುಕ್ಕರಗಾಲಲ್ಲಿ ಕೂತು ನೋಡಿದಳು. ಸಸಿಗಳ ಬುಡದಲ್ಲಿ ಕಾಳಿನಂಥ ಹಿಕ್ಕೆ. ಕೊಳವೆ ಕಟ್ಟಿದ್ದ ದಾರಗಳು ತುಂಡಾಗಿರಲಿಲ್ಲ, ಗಂಟು ಬಿಚ್ಚಿತ್ತು. ಒಂದು ಕೊಳವೆಯೊಳಗೆ ಬೂದು ಪುಕ್ಕ ಅಂಟಿತ್ತು. ಬಯಲಿಗೆ ಬರುವ ಹಕ್ಕಿ ಎಣಿಸುವ ತಾತ ದಿನವೂ ಮರೆಯಾಗಿ ಕೂರುತ್ತಿದ್ದ ಹಲಗೆ ಗೂಡಿನ ಹಿಂದೆ ಅಂಗೈಯಗಲದ ಮಣ್ಣುಗುಪ್ಪೆಗಳಿದ್ದವು.

ಸಂಜೆ ಎಲ್ಲರನ್ನೂ ಶೆಡ್ಡಿಗೆ ಕರೆಸಿದಳು.

"ಕೊಯ್ದಿದ್ದು ಮೊಲ. ಅದರ ಹಲ್ಲು ಹೀಗೇ ಓರೆಯಾಗಿ ಕತ್ತರಿಸತ್ತೆ. ಹಿಕ್ಕೆನೂ ಅದರದ್ದೇ."

"ಮೊಲ ಗಂಟೂ ಬಿಚ್ಚತ್ತಾ?" ಮೇಲ್ವಿಚಾರಕರು ನಕ್ಕರು.

"ಇಲ್ಲ. ಕುಡುಗೋಲೂ ಬಿಚ್ಚಲ್ಲ. ಊಟದ ಗಂಟನ್ನೂ ಕತ್ತರಿಸೇ ತೆಗೆಯೋ ಆಸಾಮಿ ಇವನು! ಆ ಕೊಳವೆ ಇದೆಯಲ್ಲ, ಹಕ್ಕಿಗೆ ಅದು ಮರದ ಪೊಟರೆ ಥರ ಕಾಣತ್ತೆ. ಒಳಗೆ ಇಳಿಯತ್ತೆ. ಗೋಡೆ ನುಣುಪು, ರೆಕ್ಕೆ ಬಿಡಿಸಕ್ಕೆ ಜಾಗ ಇಲ್ಲ. ಅಲ್ಲೇ ಸಾಯತ್ತೆ. ಅವನ್ನ ಹೂತವರು, ಗಂಟು ಬಿಚ್ಚಿದವರು ನೀವಲ್ವಾ, ತಾತ?"

ತಾತ ತಲೆಯೆತ್ತಲಿಲ್ಲ. "ಬೆಳಿಗ್ಗೆ ಬೆಳಿಗ್ಗೆ ಒಳಗಿಂದ ಪರಚೋ ಸದ್ದು, ತಾಯಿ. ಎಣಿಸಕ್ಕೆ ಬಂದವನು ಹೂಳ್ತಾ ಕೂತೆ. ಕೊಳವೆ ಬಾಯಿಗೆ ಬಲೆ ಕಟ್ಟಿಸಿ ಅಂತ ಇವರನ್ನ ಕೇಳಿದೆ. 'ನೋಡೋಣ' ಅಂದ್ರು. ಕೊನೆಗೆ ಕೊಳವೆನೆಲ್ಲ ನಾನೇ ಕಳಚಿದೆ. ಮೊಲದ ಯೋಚನೆ ಬರಲಿಲ್ಲ. ಇದನ್ನ ಇವನ ತಲೆಗೆ ಕಟ್ತಾರೆ ಅಂತಾನೂ ಗೊತ್ತಿರಲಿಲ್ಲ."

"ಬಲೆ ಕಟ್ಟಿದ್ರೆ ಕುಡಿ ಅದಕ್ಕೇ ಸಿಕ್ಕಿ ಸೊಟ್ಟಗಾಗತ್ತೆ," ಮೇಲ್ವಿಚಾರಕರ ದನಿ ಇಳಿದಿತ್ತು. "ಕೊಳವೆ ಇಟ್ರೆ ಹಕ್ಕಿ ಹೋಗತ್ತೆ, ತೆಗೆದ್ರೆ ಸಸಿ ಹೋಗತ್ತೆ. ಅತ್ತ ದರಿ, ಇತ್ತ ಪುಲಿ. ನೀವೇ ದಾರಿ ಹೇಳಿ ಅತ್ತೆ."

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದಳು.

"ಹಾಗಾದ್ರೆ ನಾನು ನಾಳೆ ಬರಲಾ, ಸಾರ್?" ಕುಡುಗೋಲು ಕೇಳಿದ. ಅವನ ಮುಖ ಅರಳಿತ್ತು.

"ನಿಂದೇನೂ ತಪ್ಪಿಲ್ಲಪ್ಪ," ಎಂದರು ಮೇಲ್ವಿಚಾರಕರು. "ಆದರೆ ಕಳೆ ತೆಗೆಯಕ್ಕೆ ಸಸಿ ಎಲ್ಲಿದೆ?"

ಕುಡುಗೋಲು ಅತ್ತೆಯತ್ತ ತಿರುಗಿದ. ಅವಳು ಒರೆಸುತ್ತಲೇ ಇದ್ದಳು. ತಾತ ಬೆಂಚಿನ ತುದಿಗೆ ಸರಿದು ಅವನಿಗೆ ಜಾಗ ಬಿಟ್ಟರು. ಅವನು ಕೂರಲಿಲ್ಲ.