ಎರಡು ಚಿತ್ರ, ಒಂದು ಹೆಸರು

“ಕನಕರಾಜು, ಇವೆರಡೂ ಒಬ್ಬರದೇ ಕುತ್ತಿಗೆನಾ?”

ಡಾಕ್ಟರ್ ಉಷಾರಾಣಿ ಪರದೆಯ ಮೇಲೆ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟಿದ್ದರು. ಹುಣಸೂರಿನ ಆ ಸಣ್ಣ ಸ್ಕ್ಯಾನಿಂಗ್ ಸೆಂಟರಿನಲ್ಲಿ ಕನಕರಾಜು ಅವರ ಸಹಾಯಕ. ಎರಡೂ ಚಿತ್ರಗಳ ಮೂಲೆಯಲ್ಲಿ ಹೆಸರು ಒಂದೇ: ಪುಷ್ಪಾ, ಕಟ್ಟೆಮಳಲವಾಡಿ. ಟೈಪ್ ಮಾಡಿದವನು ಅವನೇ.

ಮೊದಲನೆಯದು ಉಷಾರಾಣಿಯವರೇ ತೆಗೆದದ್ದು. ಥೈರಾಯ್ಡಿನ ಬಲಭಾಗದಲ್ಲಿ ಕಡಲೆ ಗಾತ್ರದ ಗಂಟು. ಕಪ್ಪಗೆ, ಗಟ್ಟಿಯಾಗಿ, ಅಗಲಕ್ಕಿಂತ ಎತ್ತರವಾಗಿ, ಒಳಗೆ ಸುಣ್ಣದ ಪುಡಿ ಚೆಲ್ಲಿದಂಥ ಬಿಳಿ ಚುಕ್ಕೆಗಳು. ಲಕ್ಷಣ ಒಳ್ಳೆಯದಲ್ಲವೆಂದು ಸೂಜಿ ಪರೀಕ್ಷೆಗೆ ಬರೆದು ಅವರು ರಜೆ ಮೇಲೆ ಹೋಗಿದ್ದರು. ಸ್ಕ್ಯಾನಿನಲ್ಲಿ ನೋಡುತ್ತಲೇ ಗಂಟಿಗೆ ಸೂಜಿ ಇಳಿಸಿ ಜೀವಕೋಶ ತೆಗೆದವರು ಮೈಸೂರಿನಿಂದ ಬಂದ ಬದಲಿ ಡಾಕ್ಟರು. ಎರಡನೆಯದು ಆ ದಿನದ ಚಿತ್ರ. ಅದರಲ್ಲಿದ್ದ ಗಂಟು ನೆನೆದ ಸ್ಪಂಜಿನ ಹಾಗೆ ಅಗಲವಾಗಿ, ಮೆತ್ತಗೆ ಕಾಣುತ್ತಿತ್ತು. ರಿಪೋರ್ಟೂ ಬಂದಾಗಿತ್ತು: ಕ್ಯಾನ್ಸರ್ ಇಲ್ಲ. ಇನ್ನು ಆಸ್ಪತ್ರೆ ಸಹವಾಸ ಬೇಡವೆಂದು ಪುಷ್ಪಾಳ ಮನೆಯವರು ನಿಶ್ಚಿಂತೆಯಿಂದ ಇದ್ದರು.

“ಲ್ಯಾಬಲ್ಲಿ ಸ್ಯಾಂಪಲ್ಲಿನ ಗಾಜು ಅದಲುಬದಲು ಆಗಿರಬಹುದಾ ಮೇಡಂ?” ಕನಕರಾಜು ಆಸೆಯಿಂದ ಕೇಳಿದ.

“ಗಂಟಿನೊಳಗೆ ಈ ಬಿಳಿ ಗೆರೆ ನೋಡಿ. ಅದೇ ಸೂಜಿ. ಲ್ಯಾಬಿಗೆ ಹೋಗೋ ಮುಂಚೆನೇ ಗಂಟು ಬೇರೆ ಆಗಿದೆ. ಎರಡು ವಾರದಲ್ಲಿ ಗಂಟು ಹೀಗೆ ವೇಷ ಬದಲಿಸಲ್ಲ. ಅವತ್ತು ಏನಾಯ್ತು ಹೇಳಿ.”

“ಹೆಸರು ಕೂಗ್ದೆ. ಬಂದು ಮಲಗಿದ್ರು. ಹೆಣ್ಣುಮಕ್ಕಳ ಮುಖ ನಾನು ಅಷ್ಟಾಗಿ ನೋಡಲ್ಲ ಮೇಡಂ. ಕುತ್ತಿಗೆ ಮಾತ್ರ ಕಾಣೋ ಹಾಗೆ ಮುಖದ ಮೇಲೆ ತೂತಿನ ಬಟ್ಟೆ ಹೊದಿಸ್ದೆ. ಆಮೇಲೇನೇ ಡಾಕ್ಟ್ರು ಬಂದಿದ್ದು.”

“ಕೈ ಎಲ್ಲಿತ್ತು?”

“ಹೊಟ್ಟೆ ಮೇಲೆ. ಒಂದು ಮುಷ್ಟಿ ಬಿಗಿಯಾಗಿತ್ತು.”

“ಮಾತು?”

“ಉಗುಳು ನುಂಗಬೇಡಿ ಅಂದಾಗ ಹೂಂ ಅಂದ್ರು, ಅಷ್ಟೆ. ಏಸಿ ಬಿಟ್ರೆ ರೂಮಲ್ಲಿ ಇನ್ನೊಂದು ಸದ್ದಿರ್ಲಿಲ್ಲ. ಎದ್ದು ಸೆರಗು ಸರಿ ಮಾಡ್ಕೊಂಡು ಹೋದಾಗ್ಲೂ.”

ಉಷಾರಾಣಿ ಮತ್ತೆ ಪರದೆಯತ್ತ ತಿರುಗಿದರು. ಬೈದಿದ್ದರೆ ವಾಸಿಯಿತ್ತು ಎನಿಸಿತು ಕನಕರಾಜುವಿಗೆ. ತನ್ನ ಕೆಲಸ ಹೋಗುವುದು ಒಂದು ಕಡೆ. ತಾನು ಟೈಪ್ ಮಾಡಿದ ಹೆಸರನ್ನು ನಂಬಿಕೊಂಡು, ಆ ಕಪ್ಪು ಗಂಟನ್ನು ಕುತ್ತಿಗೆಯಲ್ಲಿಟ್ಟುಕೊಂಡು ಒಬ್ಬಳು ನಿದ್ದೆ ಮಾಡುತ್ತಿದ್ದಾಳಲ್ಲ?

“ಫೋನ್ ಮಾಡಿ,” ಎಂದರು ಉಷಾರಾಣಿ. “ಅವತ್ತು ಪುಷ್ಪಾ ಜೊತೆ ಬಂದಿದ್ದವರೆಲ್ಲ ಬರಲಿ. ಸೂಜಿ ಇಲ್ಲ, ಬರೀ ಸ್ಕ್ಯಾನು ಅನ್ನಿ.”

ಮರುದಿನ ನಾಲ್ವರು ಬಂದರು. ಪುಷ್ಪಾಳ ಗಂಡ ಗೌರೀಶ್ ಬಾಗಿಲಲ್ಲೇ ಸಿಡುಕಿದ. “ಹೊಗೆಸೊಪ್ಪು ಬೇಯ್ಸೋ ಬ್ಯಾರನ್‌ಗೆ ಬೆಂಕಿ ಹಾಕಿ ಬಂದಿವ್ನಿ ಕಣ್ರೀ. ಏನಿಲ್ಲ ಅಂತ ನೀವೇ ರಿಪೋರ್ಟ್ ಕೊಟ್ಟು ಮತ್ಯಾಕೆ ಎಳದಾಡ್ತೀರಿ?” ಅವನ ತಂಗಿ ಚಿನ್ನುಗೆ ಮದುವೆ ಗೊತ್ತಾಗಿತ್ತು, ಕೈತುಂಬ ಬಳೆ, ಕುತ್ತಿಗೆಗೆ ಬಿಗಿಯಾಗಿ ಸುತ್ತಿದ ದುಪಟ್ಟಾ. ಅವರಿಬ್ಬರ ತಾಯಿ ಮಂಗಳಮ್ಮ ಗಂಡನನ್ನು ಕಳೆದುಕೊಂಡವರು. ಬರಿಗೈ, ಎದೆಯ ಮೇಲೆ ಲಿಂಗದ ಬೆಳ್ಳಿ ಕರಡಿಗೆ, ಭುಜ ಸುತ್ತಿ ಎಳೆದ ಸೆರಗು.

“ಡಾಕ್ಟ್ರಮ್ಮ, ಒಂದೇ ಬಾವಿ ನೀರು ಕುಡಿಯೋರ್ಗೆ ಗಂಟೂ ಒಂದೇ ತರ ಅಲ್ವರಾ?” ಎಂದು ಕೇಳಿದರು ಮಂಗಳಮ್ಮ. ಉಷಾರಾಣಿ ಪುಷ್ಪಾಳನ್ನು ಒಳಗೆ ಕರೆದರು.

ಪುಷ್ಪಾ ಮಲಗಿದಳು. ಪರದೆಯ ಮೇಲೆ ಅದೇ ಕಪ್ಪು ಗಂಟು ಮೂಡಿತು. ಪಕ್ಕದಲ್ಲಿ ಬೇರೊಂದು ಗಂಟಿಲ್ಲ. ಚರ್ಮದ ಮೇಲೆ ಸೂಜಿಯ ಗುರುತಾಗಲಿ, ಕಂದಿದ ಕಲೆಯಾಗಲಿ ಇಲ್ಲ. ಕೈ ಅಲುಗಿದಾಗಲೆಲ್ಲ ಅವಳ ಗಾಜಿನ ಬಳೆಗಳು ಸಣ್ಣಗೆ ಸದ್ದು ಮಾಡುತ್ತಿದ್ದವು.

ಉಷಾರಾಣಿ ಎಲ್ಲರನ್ನೂ ತಮ್ಮ ಕೋಣೆಯಲ್ಲಿ ಕೂರಿಸಿದರು. ಕನಕರಾಜು ಬಾಗಿಲಿಗೆ ಅಂಟಿ ನಿಂತ.

“ಪುಷ್ಪಾಗೆ ಯಾರೂ ಸೂಜಿ ಚುಚ್ಚಿಲ್ಲ. ಡಾಕ್ಟರು ತಪ್ಪು ಗಂಟಿಗೆ ಚುಚ್ಚಿದ್ರು ಅನ್ನೋಕೆ ಅವಳಿಗೆ ಇರೋದೇ ಒಂದು ಗಂಟು. ಅವತ್ತು ಆ ಹೆಸರಲ್ಲಿ ಮಲಗಿದ್ದು ಬೇರೆಯವರು.”

“ಅಂಗಂದ್ರೆ?” ಗೌರೀಶ್ ಎದ್ದು ನಿಂತ. ಅವನ ಕಣ್ಣು ತಂಗಿಯ ದುಪಟ್ಟಾದ ಮೇಲೆ ಬಿತ್ತು. “ಚಿನ್ನು, ಏನೇ ಅದು ಕುತ್ತಿಗೆಗೆ?”

“ಅಯ್ಯೋ, ನೆಗಡಿ ಕಣಣ್ಣ!” ಚಿನ್ನು ದುಪಟ್ಟಾ ಕಿತ್ತೆಸೆದಳು. ಬಳೆಗಳು ಝಲ್ಲೆಂದವು.

“ಅವಳಲ್ಲ,” ಎಂದರು ಉಷಾರಾಣಿ. “ಈ ಸದ್ದು ಕೇಳಿದ್ರಲ್ಲ? ಕನಕರಾಜು ಅವತ್ತು ಬಳೆ ಸದ್ದೇ ಕೇಳಿಲ್ಲ. ಬಳೆ ಬಿಚ್ಚಿಟ್ಟಿದ್ರು ಅನ್ನಬಹುದು. ಆದ್ರೆ ಮುಷ್ಟಿಯಲ್ಲಿ ಏನಿತ್ತು? ಸೂಜಿಗೆ ಕುತ್ತಿಗೆ ಬರಿದಾಗಬೇಕು. ಸರ ಆದ್ರೆ ಜೊತೆಯವರ ಕೈಗೆ ಕೊಡ್ತಾರೆ. ಮೈಯಿಂದ ದೂರ ಮಾಡಬಾರದ್ದು, ಇನ್ನೊಬ್ಬರ ಕೈಗೆ ಕೊಡಬಾರದ್ದು ಲಿಂಗ ಒಂದೇ. ಮತ್ತೆ ಬಾವಿ ನೀರಿನ ಪ್ರಶ್ನೆ. ತನಗೂ ಗಂಟಿರುವವರಿಗೆ ಮಾತ್ರ ಹೊಳೆಯೋ ಪ್ರಶ್ನೆ ಅದು. ಅಲ್ವಾ ಮಂಗಳಮ್ಮ?”

ಮಂಗಳಮ್ಮ ಸೆರಗು ಸರಿಸಿದರು. ಕುತ್ತಿಗೆಯ ಬಲಕ್ಕೆ ಹಳದಿಗಟ್ಟಿದ ಕಲೆ.

“ಪುಷ್ಪಾ ಎದ್ರೋಗಿದ್ಲು ಕಣವ್ವ. ಚುಚ್ಚುದ್ರೆ ಗಂಟು ಒಡ್ದು ಮೈಗೆಲ್ಲ ಅರಡ್ತದೆ ಅಂತ. ಬಚ್ಚಲಿಗೆ ಓಗಿ ಕದ ಹಾಕ್ಕೊಂಡ್ಲು. ಸ್ಕ್ಯಾನ್ ರೂಮಿಂದ ಎಸ್ರು ಕೂಗುದ್ರು. ನಂಗೂ ಅದೇ ಜಾಗದಲ್ಲಿ ಗಂಟೈತೆ, ಯಾರ್ಗೂ ಏಳಿರ್ಲಿಲ್ಲ. ಹರಾಜಲ್ಲಿ ಹೊರೆಯಿಂದ ಒಂದು ಹಿಡಿ ಹೊಗೆಸೊಪ್ಪು ಎಳೆದು ನೋಡಿ ತಾನೆ ಇಡೀ ಹೊರೆಗೆ ರೇಟು ಕಟ್ಟೋದು? ಒಂದೇ ಮನೆ, ಒಂದೇ ನೀರು. ನಂದು ನೋಡುದ್ರೆ ಅವಳ್ದೂ ಗೊತ್ತಾಯ್ತದೆ ಅಂದ್ಕೊಂಡೆ.”

“ಯಾರ್ಗೂ ಹೇಳ್ಬೇಡಿ ಅಂತ ನಾನೇ ಅತ್ತೆ ಕೈ ಹಿಡ್ಕೊಂಡೆ,” ಎಂದು ಪುಷ್ಪಾ ಅತ್ತಳು. ಗೌರೀಶ್ ತಾಯಿಯ ಕುತ್ತಿಗೆಯನ್ನೇ ನೋಡುತ್ತ ಮತ್ತೆ ಕೂತ. ಒಂದೇ ಸೂರಿನಡಿ ಇದ್ದೂ ಅವನ ಕಣ್ಣಿಗೆ ಬೀಳದ ಗಂಟು.

“ಮನೆ ಒಂದೇ ಇರಬಹುದು. ನಿಮ್ಮಿಬ್ಬರ ಕುತ್ತಿಗೆ ಒಂದೇ ಹೊರೆಯ ಸೊಪ್ಪಲ್ಲ ಮಂಗಳಮ್ಮ. ನಿಮ್ಮ ಗಂಟಿಂದ ಭಯವಿಲ್ಲ. ಅವಳದ್ದು ಏನು ಅಂತ ಅವಳ ಗಂಟೇ ಹೇಳಬೇಕು.” ಉಷಾರಾಣಿ ಸಣ್ಣ ಸೂಜಿಯೊಂದನ್ನು ಪುಷ್ಪಾಳಿಗೆ ತೋರಿಸಿದರು. “ಇಷ್ಟೇ. ಇದರಿಂದ ಹರಡಲ್ಲ. ನೋಡದೆ ಬಿಟ್ಟರೆ ಹರಡಬಹುದು.”

ಪುಷ್ಪಾ ಅಂದೇ ಸೂಜಿ ಪರೀಕ್ಷೆಗೆ ಮಲಗಿದಳು.

ರಿಪೋರ್ಟ್ ಬಂದ ದಿನ ಕನಕರಾಜು ಬಾಗಿಲಿಗೆ ಬಂದು, “ಪುಷ್ಪಾ,” ಎಂದು ಕೂಗಿದ. ಬೆಂಚಿನಿಂದ ಇಬ್ಬರು ಎದ್ದರು. ಮಂಗಳಮ್ಮ ಗಾಬರಿಯಿಂದ ಮತ್ತೆ ಕೂತರು.

“ಇಬ್ರೂ ಬನ್ನಿ,” ಎಂದ ಅವನು.

ಕ್ಯಾನ್ಸರೇ ಆಗಿತ್ತು. ಸಣ್ಣದು, ನಿಧಾನವಾಗಿ ಬೆಳೆಯುವಂಥದ್ದು, ಗಂಟು ಬಿಟ್ಟು ಆಚೆ ಹೋದಂತಿಲ್ಲ. ಮೈಸೂರಿನಲ್ಲಿ ಆಪರೇಷನ್ ಆದರೆ ಗುಣವಾಗುವ ಸಾಧ್ಯತೆ ಹೆಚ್ಚು ಎಂದರು ಉಷಾರಾಣಿ.

“ಈ ಸಲ ನಂಗೇ ಕುಯ್ರಿ ಅನ್ನಂಗಿಲ್ವಲ್ಲ ತಾಯಿ,” ಎಂದರು ಮಂಗಳಮ್ಮ.

ಪುಷ್ಪಾ ಕೈಚಾಚಿ ಅತ್ತೆಯ ಬರಿಗೈ ಹಿಡಿದುಕೊಂಡಳು. ಬಳೆ ಸದ್ದಾಯಿತು. ಕನಕರಾಜು ತಲೆ ಎತ್ತಿ ಇಬ್ಬರ ಮುಖವನ್ನೂ ನೋಡಿದ.