ಅಪ್ಪನ ನಾಲ್ಕು ನಿದ್ದೆ

"ಲೇ ಸುಮಿ, ನಿಮ್ಮಪ್ಪ ಏನು ಕುಂಭಕರ್ಣನಾ?"

ವೆಂಕಿ ಕೇಳಿದ್ದೇ ತಡ, ಡ್ರಾಯಿಂಗ್ ಕ್ಲಾಸಿನ ಮಕ್ಕಳೆಲ್ಲ ಘೊಳ್ಳೆಂದು ನಕ್ಕರು. ಸುಮಿತಾಳ ಕಿವಿ ಬಿಸಿಯಾಯಿತು.

ರಾಬರ್ಟ್‌ಸನ್‌ಪೇಟೆಯ ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿ ಸಂಜೆ ಹೊತ್ತು ಈ ಕ್ಲಾಸು. ಈ ವಾರ ಕಾಂತರಾಜ್ ಸರ್ ಕೊಟ್ಟ ಕೆಲಸ ಸುಲಭದ್ದಲ್ಲ. ಮನೆಯಲ್ಲಿರುವ ಒಬ್ಬರ ಕತೆಯನ್ನು ಚಿತ್ರಗಳಲ್ಲೇ ಹೇಳಬೇಕು. ಒಂದಕ್ಷರವೂ ಬರೆಯುವಂತಿಲ್ಲ. ಭಾನುವಾರ ಅವನ್ನು ಗೋಡೆಗೆ ಅಂಟಿಸುತ್ತಾರೆ, ಅಪ್ಪ ಅಮ್ಮಂದಿರು ನೋಡಲು ಬರುತ್ತಾರೆ.

ಅಜ್ಜಿ ಹಸು ಕರೆದು ಡೈರಿಗೆ ಹಾಲು ಹಾಕುವುದನ್ನು ವೆಂಕಿ ಬರೆದಿದ್ದ. ಸುಮಿತಾ ಬರೆದದ್ದು ಅಪ್ಪನನ್ನು. ಮೊದಲ ಚಿತ್ರದಲ್ಲಿ ಅಪ್ಪ ಅನ್ನದ ತಟ್ಟೆ ಮುಂದಿಟ್ಟುಕೊಂಡೇ ಗೋಡೆಗೆ ಒರಗಿ ನಿದ್ದೆ. ಎರಡನೆಯದರಲ್ಲಿ ಒಂದು ಶೂ ಬಿಚ್ಚಿ, ಇನ್ನೊಂದು ಬಿಚ್ಚುವುದರೊಳಗೆ ನಿದ್ದೆ. ಮೂರನೆಯದರಲ್ಲಿ ಟಿವಿ ಮುಂದೆ ನಿದ್ದೆ. ನಾಲ್ಕನೆಯದರಲ್ಲಿ ಚಾಪೆಯ ಮೇಲೆ, ಅದು ಮಾತ್ರ ಲಕ್ಷಣವಾದ ನಿದ್ದೆ.

ಸರ್ ನಗಲಿಲ್ಲ. ಹಾಳೆಯನ್ನು ಕೈಗೆತ್ತಿಕೊಂಡರು.

"ಗೆರೆ ಚೆನ್ನಾಗಿದೆಯಮ್ಮ. ಆದ್ರೆ ಅಪ್ಪ ಎದ್ದಿರೋ ಚಿತ್ರ ಒಂದೂ ಇಲ್ವಲ್ಲ?"

"ನಾನು ನೋಡುವಾಗೆಲ್ಲ ಅಪ್ಪ ಇಂಗೇ ಇರ್ತಾರೆ ಸರ್."

"ಕಂಡಿದ್ದನ್ನ ಬರೆದಿದ್ದೀಯ, ತಪ್ಪೇನಿಲ್ಲ. ಆದ್ರೆ ನೋಡೋರು ಇವ್ರು ಸೋಮಾರಿ ಅಂದ್ಕೊಳ್ತಾರೆ. ಇನ್ನೊಂದು ಚಿತ್ರ ಎಲ್ಲೋ ಬಿಟ್ಟುಹೋಗಿದೆ. ಹುಡುಕು."

ಸೋಮಾರಿ! ಉರಿಗಾಂನ ಮನೆ ಮುಟ್ಟುವವರೆಗೂ ಆ ಮಾತು ಅವಳ ಬೆನ್ನು ಬಿಡಲಿಲ್ಲ. ಅಪ್ಪ ಪೆರುಮಾಳ್ ದಿನಾ ಕತ್ತಲಿರುವಾಗಲೇ ಮಾರಿಕುಪ್ಪಂನಿಂದ ಬರುವ ಟ್ರೈನು ಹತ್ತಿ, ಬೆಂಗಳೂರಿನ ಫ್ಯಾಕ್ಟರಿಗೆ ಹೋಗುತ್ತಾನೆ. ರಾತ್ರಿ ಬರುವ ಹೊತ್ತಿಗೆ ಸುಸ್ತಾಗಿ ಹಣ್ಣಾಗಿರುತ್ತಾನೆ. ಭಾನುವಾರ ಎಲ್ಲರೆದುರು ಅಪ್ಪ ಈ ಚಿತ್ರ ನೋಡಿದರೆ? ಎಷ್ಟು ಬೇಜಾರಾಗಬಹುದು ಅವನಿಗೆ!

ಸ್ನಾನದ ನೀರೊಲೆಯ ಪಕ್ಕ ರದ್ದಿ ಪೇಪರಿನ ಗುಡ್ಡೆಯಿತ್ತು. ಸುಮಿತಾ ಹಾಳೆಯನ್ನು ಮಡಚಿ ಅದರೊಳಗೆ ತುರುಕಿದಳು. ಬೆಳಗ್ಗೆ ಅಮ್ಮ ಒಲೆ ಹೊತ್ತಿಸುತ್ತಾಳೆ, ಕತೆ ಮುಗಿಯುತ್ತದೆ.

ಆದರೆ ಅದೇ ಚಿಂತೆಯಲ್ಲಿ ಬೆಳಗಿನ ಜಾವವೇ ಎಚ್ಚರವಾಯಿತು. ಅಮ್ಮ ಪಕ್ಕದಲ್ಲೇ ಮಲಗಿದ್ದಾಳೆ. ಹಿತ್ತಲಲ್ಲಿ ಮಾತ್ರ ಬೆಳಕು. ಹೋಗಿ ನೋಡಿದರೆ, ನೀರೊಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿರುವುದು ಅಪ್ಪ! ಕೈಯಲ್ಲಿ ಅದೇ ಹಾಳೆ.

"ಅಪ್ಪಾ, ಅದು ಸುಮ್ನೆ... ಒಲೆಗಾಕ್ಬಿಡು."

"ಯಾಕೆ ಕಣ್ಣಮ್ಮ? ನಾನ್ ಮಲಗಿರಾದ್ನ ನಾನೇ ಯಾವತ್ತೂ ನೋಡಿರ್ಲಿಲ್ಲ. ಬಾಯಿ ಇಷ್ಟಗಲ ತೆಗೀತೀನಾ?" ಅಪ್ಪ ನಕ್ಕ.

"ಕ್ಲಾಸಲ್ಲಿ ಎಲ್ರೂ ನಕ್ರು. ನಿನ್ನ ಕುಂಭಕರ್ಣ ಅಂದ್ರು." ಅವಳಿಗೆ ಅಳು ಉಕ್ಕಿ ಬಂತು.

ಅಪ್ಪ ಅವಳನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡ. "ನಿನ್ ಮಗ್ಳುನ್ನ ಬರಿ ಅಂತ ಯಾರಾನಾ ಏಳಿದ್ರೆ, ನಾನೂ ಇಂಗೇ ಬರೀತೀನಿ. ನಾನ್ ಓಗುವಾಗ ನೀನ್ ಮಲಗಿರ್ತೀಯ. ದಿನಾ ಬಾಗ್ಲತ್ರ ನಿಂತು ನೋಡ್ಕಂಡು ಓಗ್ತೀನಿ."

ಸುಮಿತಾಳ ಅಳು ಅಲ್ಲಿಗೇ ನಿಂತಿತು. "ನಾನ್ ಎಂಗೆ ಮಲಗಿರ್ತೀನಿ?"

"ಒಂದು ಕಾಲು ನಿಮ್ಮಮ್ಮನ ಮೇಲೆ. ಬೆಡ್‌ಶೀಟು ಇನ್ನೆಲ್ಲೋ. ಒಂದೊಂದ್ ಸಲ ಕೈಯಾಗೆ ಪೆನ್ಸಿಲ್ಲು. ಕಣ್ಣಿಗೆ ಚುಚ್ಚೀತು ಅಂತ ಬಿಡಿಸಿ ಎತ್ತಿಡ್ತೀನಿ."

ಒಲೆಯ ಬೆಳಕಿನಲ್ಲಿ ಸುಮಿತಾ ಅಪ್ಪನ ಮುಖವನ್ನೇ ನೋಡಿದಳು. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಚಿಕ್ಕದಾಗುತ್ತದೆ. ಇದು ಇಷ್ಟು ದಿನ ಅವಳಿಗೆ ಗೊತ್ತೇ ಇರಲಿಲ್ಲ.

ಅಪ್ಪ ಟ್ರೈನಿಗೆ ಹೊರಟ ಮೇಲೆ ಅವಳು ಮತ್ತೆ ಮಲಗಲಿಲ್ಲ. ಹೊಸ ಹಾಳೆ ತೆಗೆದಳು. ಚಾಪೆಯ ಮೇಲೆ ಅಡ್ಡಾದಿಡ್ಡಿ ಮಲಗಿದ ಹುಡುಗಿ. ಬಾಗಿಲಲ್ಲಿ ಬ್ಯಾಗು ಹೆಗಲಿಗೇರಿಸಿ ನಿಂತು ಅವಳನ್ನೇ ನೋಡುತ್ತಿರುವ ಅಪ್ಪ. ಅವನ ಬೆನ್ನ ಹಿಂದೆ, ದೂರದಲ್ಲಿ ಬರುತ್ತಿರುವ ಟ್ರೈನು. ಆ ಕಣ್ಣುಗಳನ್ನು ಅಳಿಸಿ ಅಳಿಸಿ ಬರೆದಳು.

ಭಾನುವಾರ ಐದು ಚಿತ್ರಗಳೂ ಗೋಡೆ ಏರಿದವು. ನಾಲ್ಕನ್ನು ನೋಡಿ ಮುಸಿಮುಸಿ ನಕ್ಕ ವೆಂಕಿ ಐದನೆಯದರ ಮುಂದೆ ನಿಂತುಬಿಟ್ಟ.

"ಒತ್ತಾಯ್ತಲ್ಲಾ, ನಿಮ್ಮಪ್ಪ ಓಗ್ದೆ ಇನ್ನೂ ನಿಂತವ್ರಲ್ಲೇ? ಟ್ರೈನ್ ಮಿಸ್ಸಾಗಲ್ವಾ?"

"ಆಗ್ತದೆ," ಹಿಂದಿನಿಂದ ಅಪ್ಪನ ದನಿ ಬಂತು. "ಒಂದೆರಡು ಸಲ ಆಗೈತೆ."

ಸುಮಿತಾ ತಿರುಗಿ ನೋಡಿದಳು. ಇದನ್ನು ಅಪ್ಪ ಅವಳಿಗೆ ಹೇಳಿರಲಿಲ್ಲ. ಹೋಗಿ ಅಪ್ಪನ ಕೈ ಹಿಡಿದುಕೊಂಡಳು.