ಪಂಪ್‌ಹೌಸಿನವರೆಗೆ ಜೊತೆ

"ನಮ್ಮಣ್ಣನ್ನ ಬಿಟ್ಟು ಓಡಿಹೋದವರು ನೀವೇ ಅಲ್ವಾ?"

ಮುಳ್ಳುತಂತಿಯ ಗೇಟಿನ ಮುಂದೆ ಅವಳು ಕೇಳಿದ ಮೊದಲ ಮಾತೇ ಅದು. ನೀಲಿ ಟೋಪಿಯ ಶಾಂತಿಪಾಲನಾ ಅಧಿಕಾರಿ ಕಣ್ಣು ತಪ್ಪಿಸಲಿಲ್ಲ.

"ಹೌದು. ನಾನೇ."

ಒಂದು ಸುಳ್ಳಾದರೂ ಹೇಳಬಾರದಿತ್ತೇ... ದ್ವೇಷಿಸುವುದು ಇನ್ನಷ್ಟು ಸುಲಭವಾಗುತ್ತಿತ್ತು.

ಯುದ್ಧ ಆ ಊರನ್ನು ಎರಡು ಹೋಳು ಮಾಡಿತ್ತು. ಎರಡೂ ಕಡೆಗೆ ನೀರು ಕೊಡುವ ಪಂಪ್‌ಹೌಸ್ ನಡುವಿನ ಬಯಲಲ್ಲಿ ಒಂಟಿಯಾಗಿ ಉಳಿದಿತ್ತು. ಅಲ್ಲಿಗೆ ಹೋಗಲು ಎರಡೂ ಕಡೆಯವರು ಒಪ್ಪಬೇಕು, ಶಾಂತಿಪಾಲನಾ ಪಡೆ ಜೊತೆಗಿರಬೇಕು. ಒಬ್ಬರು ಒಲ್ಲೆವೆಂದರೂ ವಯರ್‌ಲೆಸ್ಸಿನಲ್ಲಿ ಆಜ್ಞೆ ಬರುತ್ತದೆ, ಪಡೆ ಹಿಂದಿರುಗಲೇಬೇಕು.

ಆ ದಿನ ಆಜ್ಞೆ ಬಂದಾಗ, ಪಂಪ್ ರಿಪೇರಿಗೆ ಹೋಗಿದ್ದ ಅಣ್ಣ ವಾಲ್ವ್ ಅರ್ಧ ಬಿಚ್ಚಿದ್ದ. "ನೀವು ನಡೀರಿ, ಮುಗಿಸಿ ಬಂದೆ" ಎಂದನಂತೆ. ಅಧಿಕಾರಿ ನಡೆದ. ಅಣ್ಣ ಬರಲಿಲ್ಲ.

ಈಗ ಅಣ್ಣನ ಕೆಲಸ ಅವಳದು.

"ಈ ಪಡೆಯಿಂದ ಏನಜ್ಜಿ ಉಪಯೋಗ?" ಅವಳು ಸಿಡುಕಿದಳು.

ಅಜ್ಜಿ ಕಥೆ ಹೇಳುವ ದನಿ ತೆಗೆದಳು. "ನನ್ನ ಮದುವೆ ವರ್ಷ ಒಂದು ಪಡೆ ಬಂತು. ಸತ್ತವರ ಲೆಕ್ಕ ಬರ್ಕೊಂಡು ಹೋಯ್ತು. ನಿಮ್ಮಮ್ಮ ಹುಟ್ಟಿದಾಗ ಇನ್ನೊಂದು. ಅವರು ಇರೋವರೆಗೂ ಗುಂಡು ಹಾರಲಿಲ್ಲ, ಸುಳ್ಳು ಯಾಕೆ ಹೇಳ್ಲಿ? ಅವರು ಊರು ಬಿಟ್ಟ ವಾರದಲ್ಲೇ ನಿಮ್ಮ ತಾತ ಗುಂಡಿಗೆ ಬಲಿಯಾದ್ರು. ಇವರು ಮೂರನೆಯವರು."

ವಾರವಾರವೂ ಆ ಅಧಿಕಾರಿ ಬಂದ. ಅವಳು ಕೆಲಸ ಮಾಡುವಾಗ, ಗುಂಡು ಬರುವ ಗುಡ್ಡದ ಕಡೆ ಮುಖಮಾಡಿ ನಿಲ್ಲುತ್ತಿದ್ದ. ಊರಿನ ಭಾಷೆಯನ್ನು ಹೊಸದಾಗಿ ಕಲಿತಿದ್ದ. ಬಹುವಚನ ಬಿಟ್ಟರೆ ಬೇರೆ ಬಾರದು. ಒಮ್ಮೆ ಅಜ್ಜಿಯ ಮೇಕೆಗೆ "ನೀವು ಸ್ವಲ್ಪ ಸರೀರಿ" ಎಂದುಬಿಟ್ಟ.

"ಅವರೆದುರು ನಗಬೇಡ ಅಜ್ಜಿ."

"ನಾನು ಮೇಕೆ ನೋಡಿ ನಕ್ಕೆ ಕಣೇ. ನೀನು ಯಾರನ್ನ ನೋಡಿ ತುಟಿ ಕಚ್ಚಿದೆ?"

ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಅಣ್ಣನ ಚಪ್ಪಲಿ ಇನ್ನೂ ಬಾಗಿಲಲ್ಲೇ ಇದೆ, ಮನಸ್ಸು ಮಾತ್ರ ಎಲ್ಲಿಗೆ ಹೊರಟಿದೆ...

ಒಂದು ಮಧ್ಯಾಹ್ನ ಅವಳು ವಾಲ್ವ್ ಬಿಚ್ಚುತ್ತಿದ್ದಾಗ ವಯರ್‌ಲೆಸ್ ಗೊರಗುಟ್ಟಿತು. ಹಿಂದಿರುಗಿ ಎಂಬ ಆಜ್ಞೆ.

"ಹೋಗಿ," ಎಂದಳು ಅವಳು. "ಬಿಟ್ಟು ಹೋಗೋದು ಅಭ್ಯಾಸ ಇದೆಯಲ್ಲ ನಿಮಗೆ."

ಅವನು ಸೈನಿಕರನ್ನು ಕಳಿಸಿದ. ವಯರ್‌ಲೆಸ್ ಆರಿಸಿದ. ಪಡೆಯ ಬಿಳಿ ಗಾಡಿಯನ್ನು ತಂದು ಪಂಪ್‌ಹೌಸಿನ ಕಿಟಕಿಗೂ ಗುಡ್ಡಕ್ಕೂ ನಡುವೆ ನಿಲ್ಲಿಸಿದ. ಗುಂಡುಗಳು ತಗಡಿಗೆ ಬಡಿಯುತ್ತಲೇ ಇದ್ದವು. ಅವಳು ಕೊನೆಯ ಬೋಲ್ಟ್ ಬಿಗಿದಳು, ವಾಲ್ವ್ ಕೂತಿತು.

ಮರುವಾರ ಗೇಟಿಗೆ ಅವನು ಬರಲಿಲ್ಲ. ಸ್ವಲ್ಪ ದಿನದಲ್ಲೇ ಪಡೆಯ ಅವಧಿ ಮುಗಿಯಿತೆಂದರು. ಬಿಳಿ ಗಾಡಿಗಳು ಸಾಲಾಗಿ ಊರು ಬಿಟ್ಟವು. ಅವಳು ಒಂದೊಂದು ಕಿಟಕಿಯನ್ನೂ ಹುಡುಕಿದಳು.

ಇಲ್ಲ... ಒಂದು ಮಾತೂ ಹೇಳದೆ ಮತ್ತೆ ಓಡಿಹೋದ.

ಪಡೆಯಿಲ್ಲದೆ ಅಲ್ಲಿಗೆ ಯಾರೂ ಹೋಗುವಂತಿರಲಿಲ್ಲ, ಪಂಪ್ ಕೆಟ್ಟು ನಿಂತಿತು. ಜನ ಹೊಳೆಯ ಕೆಸರು ನೀರು ಕುಡಿದರು. ಪಕ್ಕದ ಮನೆಯ ಮಗು ವಾಂತಿಭೇದಿಗೆ ತೀರಿಕೊಂಡಿತು.

ಆ ಮಗುವನ್ನು ಮಣ್ಣು ಮಾಡಿ ಬರುವಾಗ ಅವನು ದಾರಿಯಲ್ಲಿ ನಿಂತಿದ್ದ. ಟೋಪಿಯಿಲ್ಲ, ಸಮವಸ್ತ್ರವಿಲ್ಲ.

"ಎಲ್ಲಿ ಹೋಗಿದ್ರಿ?" ಅವಳು ಅಡ್ಡ ನಿಂತು ಕೇಳಿದಳು.

"ಆಜ್ಞೆ ಮೀರಿದ್ದಕ್ಕೆ ಬಂಧನದಲ್ಲಿಟ್ಟಿದ್ರು. ಆಮೇಲೆ ಕೆಲಸದಿಂದ ತೆಗೆದ್ರು. ಊರಿನ ಆ ಹೋಳಿಗೂ ಹೋಗಿ ಬಂದೆ. ಅಲ್ಲೂ ಮಕ್ಕಳು ಸಾಯ್ತಿದ್ದಾರೆ. ಪಂಪ್ ರಿಪೇರಿಗೆ ಹೋದ್ರೆ ನಾಳೆ ಬೆಳಿಗ್ಗೆ ಗುಂಡು ಹಾರಿಸಲ್ಲ ಅಂದಿದ್ದಾರೆ."

"ನಂಬಬಹುದಾ?"

"ಗೊತ್ತಿಲ್ಲ."

"ನಿಮಗೇನು ಕರ್ಮ? ನಿಮ್ಮ ದೇಶಕ್ಕೆ ಹೋಗಬಹುದಿತ್ತಲ್ಲ."

"ಹೋಗಬಹುದಿತ್ತು. ನೀವು ಅಲ್ಲಿ ಇರಲ್ಲ."

ಅವಳು ಬಹಳ ಹೊತ್ತು ಅತ್ತಳು. ಅಣ್ಣನಿಗಾಗಿ, ಆ ಮಗುವಿಗಾಗಿ, ಇವನಿಗಾಗಿಯೂ.

"ಕ್ಷಮಿಸಿದೀನಿ ಅಂತ ಹೇಳಲಾರೆ," ಎಂದಳು ಕೊನೆಗೆ. "ಪ್ರೀತಿ ಮಾತ್ರ... ಅದು ನನ್ನನ್ನ ಕೇಳಿ ಬರಲಿಲ್ಲ."

"ನಾಳೆ ಜೊತೆಗೆ ಬರಲಾ?"

"ಭಯ ಆಗಲ್ವಾ?"

"ಆಗತ್ತೆ."

"ನನಗೂ," ಎಂದು ಅವಳು ಕೈ ಚಾಚಿದಳು. "ಹಿಡ್ಕೊಳ್ಳಿ. ನಡುಗಿದ್ರೂ ಒಟ್ಟಿಗೇ ನಡುಗೋಣ."